ಆನ್‌ಲೈನ್ ಪೋಕರ್ ಟೂರ್ನಮೆಂಟ್: ಜೋಡಿ ಎಕ್ಕ ಬಂದರೂ ಎಲೆ ಕೆಳಗಿಡುವುದು ಏಕೆ?

ಹಾಸನದ ಓದುಗ (ಮೂಲ ಪ್ರಶ್ನೆ)

ರಮ್ಮಿ ಮತ್ತು ಇಪ್ಪತ್ತೆಂಟು ಆಡಿ ಬಲ್ಲವನಾದ್ದರಿಂದ ಪೋಕರ್‌ನ ಮೂಲ ನಿಯಮಗಳನ್ನು ತಿಳಿದುಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಟೆಕ್ಸಾಸ್ ಹೋಲ್ಡೆಮ್‌ನಲ್ಲಿ ಪ್ರತಿಯೊಬ್ಬರ ಕೈಗೆ 2 ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ 5 ಎಲೆ, ಈ 7ರಲ್ಲಿ ಯಾರ 5 ಎಲೆಗಳ ಜೋಡಣೆ ದೊಡ್ಡದೋ ಅವರಿಗೆ ಪಾಟ್ (ಎಲ್ಲರೂ ಇಟ್ಟ ಪಣದ ಒಟ್ಟು ಮೊತ್ತ) ಎಂಬಷ್ಟು ಸ್ಪಷ್ಟವಾಗಿದೆ. ಆದರೆ ಆನ್‌ಲೈನ್ ಟೂರ್ನಮೆಂಟ್‌ಗಳ ಪ್ರಸಾರವನ್ನು ನೋಡುವಾಗ ಎರಡು ಸಂಗತಿಗಳು ತಲೆಗೆ ಹತ್ತುತ್ತಿಲ್ಲ. ಒಂದು, ಫ್ರೀಜ್‌ಔಟ್, ರೀ-ಎಂಟ್ರಿ, ಟರ್ಬೊ, ಬೌಂಟಿ, ಸ್ಯಾಟಲೈಟ್ ಎಂದು ಹತ್ತಾರು ಹೆಸರುಗಳಿದ್ದು, ಎಲ್ಲ ಕಡೆಯೂ ಎಲೆ ಹಂಚುವ ಕ್ರಮ ಒಂದೇ ಆಗಿರುವಾಗ ಈ ಹೆಸರುಗಳಿಂದ ಆಟದಲ್ಲಿ ಏನು ಬದಲಾಗುತ್ತದೆ ಎಂಬುದು. ಎರಡು, ಒಂದು ಸ್ಯಾಟಲೈಟ್ ಪಂದ್ಯದಲ್ಲಿ ಜೋಡಿ ಎಕ್ಕ ಹಿಡಿದ ಆಟಗಾರನೊಬ್ಬ, ಎದುರಾಳಿ ತನ್ನ ಎಲ್ಲ ಚಿಪ್‌ಗಳನ್ನೂ ಮುಂದಿಟ್ಟಾಗ, ಎಲೆಗಳನ್ನು ಕೆಳಗಿಟ್ಟುಬಿಟ್ಟ. ಅದು ಸರಿಯಾದ ನಿರ್ಧಾರವೆಂದು ವಿವರಣೆಕಾರರೂ ಹೇಳಿದರು. ಹೋಲ್ಡೆಮ್‌ನಲ್ಲಿ ಇದಕ್ಕಿಂತ ದೊಡ್ಡ ಆರಂಭದ ಕೈ ಇಲ್ಲವಲ್ಲ! ಹಣ ಹಾಕಿ ಆಡುವ ಉದ್ದೇಶ ನನಗಿಲ್ಲ. ಈ ಲೆಕ್ಕ ಮಾತ್ರ ಅರ್ಥವಾಗಬೇಕಿದೆ.

ಹಳೆಯ ಸದಸ್ಯ

ತಮ್ಮ ಎರಡು ಪ್ರಶ್ನೆಗಳಿಗೂ ಬೇರು ಒಂದೇ. ಟೂರ್ನಮೆಂಟ್‌ನ ಚಿಪ್ ಹಣವಲ್ಲ. ಕ್ಯಾಶ್ ಗೇಮ್ ಎನ್ನುವ ಆಟದಲ್ಲಿ 100 ಡಾಲರಿನ ಚಿಪ್ ಎಂದರೆ 100 ಡಾಲರೇ. ಬೇಕೆನಿಸಿದಾಗ ಎದ್ದು ನಗದು ಮಾಡಿಕೊಂಡು ಹೋಗಬಹುದು. ಟೂರ್ನಮೆಂಟ್‌ನಲ್ಲಿ ಹಾಗೆ ಎದ್ದು ಹೋಗಲು ಬರುವುದಿಲ್ಲ. ಪ್ರವೇಶ ಶುಲ್ಕ ಕೊಟ್ಟವರಿಗೆಲ್ಲ ಸಮನಾದ ಚಿಪ್‌ಗಳನ್ನು ಕೊಡುತ್ತಾರೆ, ಚಿಪ್ ಮುಗಿದವರು ಹೊರಗೆ ಹೋಗುತ್ತಾರೆ, ಯಾರು ಎಷ್ಟನೆಯವರಾಗಿ ಹೊರಬಿದ್ದರು ಎಂಬುದರ ಮೇಲೆ ಬಹುಮಾನ ನಿಂತಿರುತ್ತದೆ. ಚಿಪ್ ಯಾವಾಗ, ಯಾವ ದರದಲ್ಲಿ ಹಣವಾಗುತ್ತದೆ ಎಂಬ ನಿಯಮವೇ ಟೂರ್ನಮೆಂಟ್‌ನ ಸ್ವರೂಪ. ಹೆಸರುಗಳು ಎಷ್ಟೇ ಇರಲಿ, ಒಂದೊಂದರ ಬಗ್ಗೆಯೂ ಈ ಒಂದು ಪ್ರಶ್ನೆಯನ್ನು ಕೇಳಿಕೊಂಡರೆ ಅದರ ಒಳಗುಟ್ಟು ಬಿಚ್ಚಿಕೊಳ್ಳುತ್ತದೆ.

ಮೊದಲು ಸಾಮಾನ್ಯ ಟೂರ್ನಮೆಂಟ್ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. 1,000 ಪ್ರವೇಶಗಳು, ತಲಾ 10,000 ಚಿಪ್ ಎಂದುಕೊಳ್ಳಿ. ಒಟ್ಟು 1 ಕೋಟಿ ಚಿಪ್‌ಗಳು. ಈ 1 ಕೋಟಿ ಕೊನೆಯವರೆಗೂ ಮೇಜುಗಳ ಮೇಲೆಯೇ ಇರುತ್ತದೆ. ಕೈಯಿಂದ ಕೈಗೆ ಹೋಗುತ್ತದೆಯೇ ಹೊರತು ಕರಗುವುದಿಲ್ಲ. ಪ್ರತಿ ಕೈಯಲ್ಲಿ, ಅಂದರೆ ಪ್ರತಿ ಸಲ ಎಲೆ ಹಂಚಿದಾಗ, ಇಬ್ಬರು ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಇಡಬೇಕಾದ ಮೊತ್ತಕ್ಕೆ ಸ್ಮಾಲ್ ಬ್ಲೈಂಡ್, ಬಿಗ್ ಬ್ಲೈಂಡ್ ಎನ್ನುತ್ತಾರೆ. ಆರಂಭದಲ್ಲಿ ಅದು 50 ಮತ್ತು 100 ಇದ್ದರೆ, ಪ್ರತಿಯೊಬ್ಬರ ಬಳಿ 100 ಬಿಗ್ ಬ್ಲೈಂಡ್‌ಗಳಷ್ಟು ಬಲವಿರುತ್ತದೆ. ನಿಗದಿತ ನಿಮಿಷಗಳಿಗೊಮ್ಮೆ ಈ ಮೊತ್ತ ಏರುತ್ತ ಹೋಗುತ್ತದೆ. ಇದರ ಜೊತೆಗೆ ಆ್ಯಂಟಿ ಎಂಬ ಇನ್ನೊಂದು ಕಡ್ಡಾಯ ಪಣವೂ ಸೇರಿಕೊಳ್ಳುತ್ತದೆ. ಕಾಯುತ್ತ ಕುಳಿತವರ ಚಿಪ್‌ಗಳನ್ನು ಬ್ಲೈಂಡ್‌ಗಳೇ ತಿಂದುಹಾಕುವುದರಿಂದ ಆಟ ಮುಗಿಯದೆ ಉಳಿಯುವ ಪ್ರಶ್ನೆಯಿಲ್ಲ. ಬಿಗ್ ಬ್ಲೈಂಡ್ 2 ಲಕ್ಷಕ್ಕೆ ಮುಟ್ಟಿದಾಗ ಇಡೀ ಟೂರ್ನಮೆಂಟ್‌ನಲ್ಲಿ ಉಳಿದಿರುವುದು 50 ಬಿಗ್ ಬ್ಲೈಂಡ್‌ಗಳು ಮಾತ್ರ. ಆ ಹೊತ್ತಿಗೆ ಸಾಮಾನ್ಯವಾಗಿ ಎರಡು ಮೂರು ಜನರಷ್ಟೇ ಇರುತ್ತಾರೆ. ಆದ್ದರಿಂದ ಪ್ರವೇಶಗಳ ಸಂಖ್ಯೆ ಮತ್ತು ಬ್ಲೈಂಡ್ ಪಟ್ಟಿ ಕೈಗೆ ಸಿಕ್ಕರೆ, ಆಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದನ್ನು ಮೊದಲೇ ಸುಮಾರಾಗಿ ಹೇಳಬಹುದು.

ಆಟಗಾರರು ಹೊರಬಿದ್ದಂತೆ ಮೇಜುಗಳು ಒಡೆಯುತ್ತವೆ, ಉಳಿದವರನ್ನು ತಂತ್ರಾಂಶವು ಬೇರೆ ಮೇಜುಗಳಿಗೆ ಹಂಚಿ, ಎಲ್ಲ ಮೇಜುಗಳಲ್ಲೂ ಜನರ ಸಂಖ್ಯೆ ಹೆಚ್ಚು ಕಡಿಮೆ ಸಮವಾಗಿರುವಂತೆ ನೋಡಿಕೊಳ್ಳುತ್ತದೆ. ಬಹುಮಾನ ಸಿಗುವುದು ಸಣ್ಣ ಪಾಲು ಜನರಿಗೆ ಮಾತ್ರ. ಬಹುಮಾನದ ಗಡಿಗೆ ಒಂದೆರಡು ಸ್ಥಾನ ಹೊರಗಿರುವ ಘಟ್ಟವನ್ನು ಬಬಲ್ ಎನ್ನುತ್ತಾರೆ. ಆಗ ಬೇರೆ ಮೇಜಿನವರು ಮೊದಲು ಹೊರಬೀಳಲಿ ಎಂದು ಕೆಲವರು ಬೇಕೆಂದೇ ನಿಧಾನ ಮಾಡುತ್ತಾರೆ. ಇದನ್ನು ತಡೆಯಲು ಎಲ್ಲ ಮೇಜುಗಳೂ ಒಂದೊಂದೇ ಕೈ ಆಡಿ, ಉಳಿದ ಮೇಜುಗಳು ಮುಗಿಸುವವರೆಗೆ ಕಾಯುವ ವ್ಯವಸ್ಥೆ ಇದೆ. ಲಾಸ್ ವೇಗಸ್‌ನ ಸಭಾಂಗಣದಲ್ಲಿ ಇದನ್ನು ನಡೆಸಲು ಸಿಬ್ಬಂದಿ ಓಡಾಡಬೇಕು; ಆನ್‌ಲೈನ್‌ನಲ್ಲಿ ಅದು ತಾನಾಗಿಯೇ ಆಗುತ್ತದೆ. ಒಂದೇ ಮೇಜಿನಲ್ಲಿ ಒಂದೇ ಕೈಯಲ್ಲಿ ಇಬ್ಬರು ಹೊರಬಿದ್ದರೆ, ಆ ಕೈ ಆರಂಭವಾದಾಗ ಹೆಚ್ಚು ಚಿಪ್ ಇದ್ದವರಿಗೆ ಮೇಲಿನ ಸ್ಥಾನ.

ಮೇಲ್ವಿಚಾರಕ

ಚರ್ಚೆ ಮುಂದುವರಿಯಲಿ. ಹೊಸಬರ ಗಮನಕ್ಕೆ ಒಂದು ಮಾತು. ಕರ್ನಾಟಕದಲ್ಲಿ ಆನ್‌ಲೈನ್ ಪಣದ ಆಟಗಳನ್ನು ನಿಷೇಧಿಸಿದ್ದ 2021ರ ಪೊಲೀಸ್ ಕಾಯ್ದೆಯ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತ್ತು. ಅದನ್ನೇ ನೆನಪಿಟ್ಟುಕೊಂಡು ಪೋಕರ್‌ಗೆ ಈಗಲೂ ಅಡ್ಡಿಯಿಲ್ಲವೆಂದು ಬರೆಯುವವರು ಇನ್ನೂ ಕಾಣಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿ, ಅದೇ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರ ಕಾಯ್ದೆಯು ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ಮಾಡದೆ, ಹಣ ಹಾಕಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಇಂಥ ಸೇವೆಯನ್ನು ಒದಗಿಸುವವರಿಗೆ 3 ವರ್ಷದವರೆಗೆ ಸೆರೆವಾಸ ಇಲ್ಲವೇ 1 ಕೋಟಿ ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ, ಜಾಹೀರಾತು ನೀಡುವವರಿಗೆ 2 ವರ್ಷದವರೆಗೆ ಸೆರೆವಾಸ ಇಲ್ಲವೇ 50 ಲಕ್ಷ ರೂಪಾಯಿವರೆಗೆ ದಂಡ ಇಲ್ಲವೇ ಎರಡನ್ನೂ ಅದು ಹೇಳುತ್ತದೆ. ಆದ್ದರಿಂದ ಇಲ್ಲಿ ಯಾವ ತಾಣದ ಕೊಂಡಿಯನ್ನೂ ಹಾಕಬಾರದು. ಆಟದ ವಿವರಣೆಗೆ ಅಡ್ಡಿಯಿಲ್ಲ.

ಅಂಕಿಅಂಶದ ಮೇಷ್ಟ್ರು

ಹಳೆಯ ಸದಸ್ಯರು ಚಿಪ್ ಹಣವಲ್ಲ ಎಂದು ಹೇಳಿ ನಿಲ್ಲಿಸಿದರು. ಎಷ್ಟರ ಮಟ್ಟಿಗೆ ಅಲ್ಲ ಎಂಬುದನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಲೆಕ್ಕವಿಲ್ಲದೆ ಹೇಳಿದರೆ ಇದು ಬರೀ ವೇದಾಂತದಂತೆ ಕೇಳುತ್ತದೆ.

ಒಂದೇ ಮೇಜಿನ ಸಣ್ಣ ಟೂರ್ನಮೆಂಟ್‌ಗೆ ಸಿಟ್ ಅಂಡ್ ಗೋ ಎಂದು ಹೆಸರು. ಕುರ್ಚಿಗಳು ತುಂಬಿದ ಕೂಡಲೇ ಅದು ಆರಂಭವಾಗುತ್ತದೆ. 10 ಜನ ತಲಾ 100 ಡಾಲರ್ ಹಾಕಿ, ತಲಾ 1,000 ಚಿಪ್ ಪಡೆದರೆನ್ನಿ. ತಾಣದ ಶುಲ್ಕವನ್ನು ಸದ್ಯಕ್ಕೆ ಬಿಡೋಣ. ಒಟ್ಟು 1,000 ಡಾಲರಿನಲ್ಲಿ ಮೊದಲನೆಯವರಿಗೆ 500, ಎರಡನೆಯವರಿಗೆ 300, ಮೂರನೆಯವರಿಗೆ 200. ಮೊದಲ ಕೈಯಲ್ಲೇ ತಾವು ಒಬ್ಬ ಎದುರಾಳಿಯ ಎಲ್ಲ ಚಿಪ್‌ಗಳನ್ನೂ ಗೆದ್ದು 2,000 ಮಾಡಿಕೊಂಡಿರಿ. ಚಿಪ್ ದುಪ್ಪಟ್ಟಾಯಿತು. ಹಾಗಾದರೆ ತಮ್ಮ ಪಾಲಿನ ಬೆಲೆ 200 ಡಾಲರ್ ಆಯಿತೇ?

ಆಗಲಿಲ್ಲ. ಮೊದಲ ಸ್ಥಾನ ಗಳಿಸುವ ಸಂಭವವನ್ನು ಚಿಪ್‌ಗಳ ಪ್ರಮಾಣಕ್ಕೆ ಸಮ ಎಂದು ಹಿಡಿದರೆ ಅದು 10ರಲ್ಲಿ 2, ಅಂದರೆ ಶೇ. 20. ಬೇರೊಬ್ಬರು ಮೊದಲನೆಯವರಾದರೆ (ಶೇ. 80), ಉಳಿದ 9,000 ಚಿಪ್‌ಗಳಲ್ಲಿ ತಮ್ಮವು 2,000, ಎರಡನೆಯ ಸ್ಥಾನದ ಸಂಭವ ಸುಮಾರು ಶೇ. 17.8. ಅದೇ ರೀತಿಯಲ್ಲಿ ಮೂರನೆಯದು ಸುಮಾರು ಶೇ. 15.6. ಈ ಮೂರನ್ನೂ ಆಯಾ ಬಹುಮಾನಕ್ಕೆ ಗುಣಿಸಿ ಕೂಡಿದರೆ ಬರುವುದು 184.44 ಡಾಲರ್. ಅಂದರೆ 100 ಡಾಲರಿನ ಬೆಲೆಯನ್ನು ಅಪಾಯಕ್ಕೆ ಒಡ್ಡಿ ಗಳಿಸಿದ್ದು 84.44 ಮಾತ್ರ. ಮಿಕ್ಕ 15.56 ಡಾಲರ್ ಎಲ್ಲಿಗೆ ಹೋಯಿತು? ಆ ಕೈಯಲ್ಲಿ ಏನನ್ನೂ ಮಾಡದೆ ಕುಳಿತಿದ್ದ 8 ಜನರ ಪಾಲಿಗೆ, ತಲಾ ಸುಮಾರು 1.94ರಂತೆ ಸೇರಿತು. ಇಬ್ಬರು ಕಾದಾಡಿದರೆ ನೋಡುತ್ತ ಕುಳಿತವರಿಗೆ ಲಾಭ. ಇದರಿಂದಾಗಿ, ನಾಣ್ಯ ಚಿಮ್ಮಿದಂತೆ ಸಮ ಸಂಭವವಿರುವ ಕೈಯಲ್ಲಿ ಎಲ್ಲವನ್ನೂ ಒಡ್ಡುವುದು ಕ್ಯಾಶ್ ಗೇಮ್‌ನಲ್ಲಿ ಲಾಭವೂ ಅಲ್ಲ, ನಷ್ಟವೂ ಅಲ್ಲ. ಇಲ್ಲಿ ಅದು ಸ್ಪಷ್ಟ ನಷ್ಟ. ಕಾಲ್ ಮಾಡಬೇಕಾದರೆ, ಅಂದರೆ ಎದುರಾಳಿ ಇಟ್ಟಷ್ಟನ್ನೇ ತಾವೂ ಇಡಬೇಕಾದರೆ, ಗೆಲ್ಲುವ ಸಂಭವ ಶೇ. 54.2ರಷ್ಟಾದರೂ ಇರಬೇಕು.

ಈ ಲೆಕ್ಕಕ್ಕೆ ಐಸಿಎಂ (ಇಂಡಿಪೆಂಡೆಂಟ್ ಚಿಪ್ ಮಾಡೆಲ್) ಎಂದು ಹೆಸರು. ಇದರ ಸೂತ್ರವನ್ನು ಡೇವಿಡ್ ಹಾರ್ವಿಲ್ 1973ರಲ್ಲಿ ಪ್ರಕಟಿಸಿದ್ದು ಕುದುರೆ ಪಂದ್ಯಗಳಿಗಾಗಿ. ಗೆಲ್ಲುವ ಸಂಭವದಿಂದ ಎರಡನೆಯ ಮತ್ತು ಮೂರನೆಯ ಸ್ಥಾನದ ಸಂಭವವನ್ನು ಕಂಡುಹಿಡಿಯುವುದು ಅವರ ಗುರಿಯಾಗಿತ್ತು. 1987ರಲ್ಲಿ ಮೇಸನ್ ಮಾಲ್ಮತ್ ಅದನ್ನು ಪೋಕರ್‌ಗೆ ತಂದರು.

ನೇರ ಮಾತಿನವ

ಮೇಷ್ಟ್ರೇ, ಗೌರವಪೂರ್ವಕವಾಗಿಯೇ ಒಂದು ತಕರಾರು. ತಮ್ಮ ಸೂತ್ರ ಎಲ್ಲ ಆಟಗಾರರೂ ಸಮಾನ ಕುಶಲರು ಎಂದು ಊಹಿಸುತ್ತದೆ. ಮುಂದಿನ ಕೈಯಲ್ಲಿ ಬಿಗ್ ಬ್ಲೈಂಡ್ ಯಾರ ಮೇಲೆ ಬೀಳುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ. ಚಿಪ್‌ಗಳ ದೊಡ್ಡ ರಾಶಿ ಇರುವವನು ಮೇಜನ್ನೆಲ್ಲ ಹೆದರಿಸಿ ಆಡಬಲ್ಲ ಎಂಬುದನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಬಬಲ್ ಹತ್ತಿರ ಬಂದಾಗ ಎಲೆ ಕೆಳಗಿಟ್ಟು ಕೂರುವವರನ್ನು ನೋಡಿದರೆ ಅವರು ಲೆಕ್ಕ ಮಾಡುತ್ತಿದ್ದಾರೋ, ಹೆದರಿದ್ದಾರೋ ಎಂಬುದೇ ತಿಳಿಯುವುದಿಲ್ಲ. ಚಿಪ್ ಕೂಡಿಸದೆ ಮೊದಲ ಸ್ಥಾನಕ್ಕೆ ಹೋದವರು ಯಾರೂ ಇಲ್ಲ.

ಅಂಕಿಅಂಶದ ಮೇಷ್ಟ್ರು

ತಕರಾರು ನ್ಯಾಯವಾದದ್ದು. ಸೂತ್ರಕ್ಕೆ ಕುಶಲತೆ ಕಾಣುವುದಿಲ್ಲ, ಕುರ್ಚಿಯ ಸ್ಥಾನವೂ ಕಾಣುವುದಿಲ್ಲ. ಆದರೆ ತಾವು ಹೇಳಿದ ಬೆದರಿಕೆ ನಡೆಯುವುದು ಹೇಗೆ ಎಂದು ಯೋಚಿಸಿ. ದೊಡ್ಡ ರಾಶಿಯವನು ಆಲ್-ಇನ್ ಎಂದಾಗ, ಅಂದರೆ ತನ್ನ ಎಲ್ಲ ಚಿಪ್‌ಗಳನ್ನೂ ಮುಂದಿಟ್ಟಾಗ, ನಡುವಣ ರಾಶಿಯವನು ಕಾಲ್ ಮಾಡಲು ಹಿಂಜರಿಯುತ್ತಾನೆ. ಕಳೆದುಕೊಳ್ಳುವ ಚಿಪ್‌ನ ಬೆಲೆ ಗೆಲ್ಲುವ ಚಿಪ್‌ನ ಬೆಲೆಗಿಂತ ಹೆಚ್ಚು ಎಂಬುದೇ ಆ ಹಿಂಜರಿಕೆಗೆ ಕಾರಣ. ಬೆದರಿಸುವವನ ಧೈರ್ಯವೂ ಬೆದರಿದವನ ಸಂಯಮವೂ ಒಂದೇ ಲೆಕ್ಕದಿಂದ ಹುಟ್ಟುತ್ತವೆ. ಇಲ್ಲಿ ಎಲ್ಲರಿಗಿಂತ ಇಕ್ಕಟ್ಟಿನಲ್ಲಿ ಸಿಲುಕುವವನು ಅತಿ ಸಣ್ಣ ರಾಶಿಯವನಲ್ಲ. ತನಗಿಂತ ಸಣ್ಣ ರಾಶಿಯವರು ಮೇಜಿನಲ್ಲಿ ಇರುವಾಗಲೇ ದೊಡ್ಡ ರಾಶಿಯವನಿಗೆ ಎದುರು ಬೀಳಬೇಕಾದ ಎರಡನೆಯ ಸ್ಥಾನದವನೇ ಹೆಚ್ಚು ಬಿಗಿಯಾಗಿ ಆಡಬೇಕಾಗುತ್ತದೆ.

ಒಂಟಾರಿಯೊ ಕನ್ನಡಿಗ

ಹಾಸನದವರ ಜೋಡಿ ಎಕ್ಕದ ಪ್ರಶ್ನೆಗೆ ಉತ್ತರ ಇನ್ನೂ ಬಾಕಿ ಇದೆ. ಸ್ಯಾಟಲೈಟ್ ಎಂದರೆ ಹಣದ ಬದಲು ದೊಡ್ಡ ಟೂರ್ನಮೆಂಟ್‌ನ ಟಿಕೆಟ್ಟನ್ನು ಬಹುಮಾನವಾಗಿ ಕೊಡುವ ಪಂದ್ಯ. 3 ಟಿಕೆಟ್‌ಗಳಿದ್ದರೆ ಮೊದಲ ಮೂವರಿಗೂ ಒಂದೊಂದು. ಮೊದಲನೆಯವರ ಟಿಕೆಟ್ಟೂ ಮೂರನೆಯವರ ಟಿಕೆಟ್ಟೂ ಒಂದೇ. ಈಗ 4 ಜನ ಉಳಿದಿದ್ದಾರೆ ಎನ್ನಿ: ತಮ್ಮ ಬಳಿ 40,000 ಚಿಪ್, ಎದುರಾಳಿಯ ಬಳಿಯೂ 40,000, ಉಳಿದಿಬ್ಬರ ಬಳಿ 3,000 ಮತ್ತು 2,000. ಬಿಗ್ ಬ್ಲೈಂಡ್ 2,000. ಎದುರಾಳಿ ಆಲ್-ಇನ್ ಎನ್ನುತ್ತಾನೆ. ತಮ್ಮ ಕೈಯಲ್ಲಿ ಜೋಡಿ ಎಕ್ಕ. ಯಾವುದೋ ಎರಡು ಎಲೆಗಳ ವಿರುದ್ಧ ಜೋಡಿ ಎಕ್ಕ ಗೆಲ್ಲುವ ಸಂಭವ ಸುಮಾರು ಶೇ. 85. ಕಾಲ್ ಮಾಡಿ ಗೆದ್ದರೆ ಟಿಕೆಟ್ ಸಿಗುತ್ತದೆ, ಆದರೆ ಅದು ಒಂದೇ ಟಿಕೆಟ್. 80,000 ಚಿಪ್‌ಗೆ ಎರಡು ಟಿಕೆಟ್ ಕೊಡುವುದಿಲ್ಲ. ಸೋತರೆ ನಾಲ್ಕನೆಯವರಾಗಿ ಬರಿಗೈಯಲ್ಲಿ ಹೊರಗೆ. ಎಲೆ ಕೆಳಗಿಟ್ಟರೋ, ಒಂದೆರಡು ಸುತ್ತಿನೊಳಗೆ ಸಣ್ಣ ರಾಶಿಯವರಲ್ಲಿ ಒಬ್ಬರನ್ನು ಬ್ಲೈಂಡ್‌ಗಳೇ ಮುಗಿಸುತ್ತವೆ, ಟಿಕೆಟ್ ಬಹುತೇಕ ಖಚಿತ. ಶೇ. 15ರಷ್ಟು ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ಯಾವ ಕಾರಣವೂ ಇಲ್ಲ. ಹೆಚ್ಚಿನ ಚಿಪ್‌ಗೆ ಬೆಲೆ ಸೊನ್ನೆಯಾಗುವ ಸ್ವರೂಪ ಇದು.

ಸ್ಯಾಟಲೈಟ್ ಎಂಬ ಈ ಸಣ್ಣ ವ್ಯವಸ್ಥೆ ಪೋಕರ್‌ನ ಚರಿತ್ರೆಯನ್ನೇ ತಿರುಗಿಸಿತು. 2003ರಲ್ಲಿ ಟೆನೆಸಿ ರಾಜ್ಯದ ಲೆಕ್ಕಿಗ ಕ್ರಿಸ್ ಮನಿಮೇಕರ್ ಆನ್‌ಲೈನ್ ಸ್ಯಾಟಲೈಟ್ ಒಂದಕ್ಕೆ 86 ಡಾಲರ್ ಹಾಕಿ, ಅದರ ಮೂಲಕ 10,000 ಡಾಲರ್ ಪ್ರವೇಶದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಮುಖ್ಯ ಪಂದ್ಯಕ್ಕೆ ಹೋಗಿ, 839 ಜನರ ನಡುವೆ ಗೆದ್ದು 25 ಲಕ್ಷ ಡಾಲರ್ ಪಡೆದರು. (ಹೌದು, ಅದು ಅವರ ನಿಜವಾದ ಮನೆತನದ ಹೆಸರೇ.) ಮರುವರ್ಷ ಪ್ರವೇಶಗಳು 2,576ಕ್ಕೆ ಏರಿದವು, ಆ ವರ್ಷ ಗೆದ್ದ ಗ್ರೆಗ್ ರೇಮರ್ ಕೂಡ ಆನ್‌ಲೈನ್ ಸ್ಯಾಟಲೈಟ್‌ನಿಂದಲೇ ಬಂದವರು. 2006ರಲ್ಲಿ ಸಂಖ್ಯೆ 8,773ಕ್ಕೆ ಮುಟ್ಟಿತು. ಆ ಬಳಿಕ ಅಮೆರಿಕದ ಕಾನೂನು ಬಿಗಿಯಾಯಿತು. 2011ರ ಏಪ್ರಿಲ್ 15ರಂದು ಅಲ್ಲಿನ ನ್ಯಾಯ ಇಲಾಖೆ ದೊಡ್ಡ ತಾಣಗಳ ಮೇಲೆ ಮೊಕದ್ದಮೆ ಹೂಡಿದ್ದನ್ನು ಆಟಗಾರರು ಇಂದಿಗೂ ಕರಾಳ ಶುಕ್ರವಾರ ಎನ್ನುತ್ತಾರೆ.

ನಾನಿರುವ ಒಂಟಾರಿಯೊದಲ್ಲಿ 2022ರ ಏಪ್ರಿಲ್‌ನಲ್ಲಿ ಖಾಸಗಿ ತಾಣಗಳಿಗೆ ಪರವಾನಗಿ ಕೊಟ್ಟು ಮಾರುಕಟ್ಟೆಯನ್ನು ತೆರೆದಾಗ, ಪ್ರಾಂತ್ಯದೊಳಗಿನವರು ಪ್ರಾಂತ್ಯದೊಳಗಿನವರ ಜೊತೆ ಮಾತ್ರ ಆಡಬೇಕೆಂಬ ನಿಯಮವಿತ್ತು. ಇದರ ಪರಿಣಾಮ ನೇರವಾಗಿ ಟೂರ್ನಮೆಂಟ್‌ಗಳ ಮೇಲೆ ಬಿತ್ತು. ಕ್ಯಾಶ್ ಗೇಮ್‌ಗೆ ಒಂದು ಮೇಜಿನಷ್ಟು ಜನ ಸಾಕು. ದೊಡ್ಡ ಬಹುಮಾನದ ಟೂರ್ನಮೆಂಟ್‌ಗೆ ಸಾವಿರಾರು ಜನ ಏಕಕಾಲಕ್ಕೆ ಬೇಕು. ಗಡಿ ಹಾಕಿದರೆ ಮೊದಲು ಬಡವಾಗುವುದು ಅದೇ.

ಹಾಸನದ ಓದುಗ

ಜೋಡಿ ಎಕ್ಕದ ವಿಷಯ ಈಗ ಅರ್ಥವಾಯಿತು. ಧನ್ಯವಾದಗಳು. ಇನ್ನೊಂದು ಸಂದೇಹವಿದೆ. ಎಲ್ಲರೂ ಆಟಗಾರರ ಸಂಖ್ಯೆ ಎನ್ನದೆ ಪ್ರವೇಶಗಳ ಸಂಖ್ಯೆ ಎನ್ನುತ್ತಿದ್ದೀರಿ. ಎರಡಕ್ಕೂ ವ್ಯತ್ಯಾಸವಿದೆಯೇ? ಹಾಗೆಯೇ, ಬಹುಮಾನದ ಮೊತ್ತವನ್ನು ಮೊದಲೇ ಘೋಷಿಸುವುದು ಹೇಗೆ ಸಾಧ್ಯ?

ಹಳೆಯ ಸದಸ್ಯ

ವ್ಯತ್ಯಾಸ ದೊಡ್ಡದೇ ಇದೆ. ಫ್ರೀಜ್‌ಔಟ್‌ನಲ್ಲಿ ಒಬ್ಬರಿಗೆ ಒಂದೇ ಪ್ರವೇಶ. ಚಿಪ್ ಮುಗಿದರೆ ಕಥೆ ಮುಗಿಯಿತು. ಮನಿಮೇಕರ್ ಗೆದ್ದದ್ದು ಅಂಥ ಪಂದ್ಯವನ್ನು. ರೀ-ಎಂಟ್ರಿಯಲ್ಲಿ ಹೊರಬಿದ್ದವರು ನೋಂದಣಿ ಮುಚ್ಚುವುದರೊಳಗೆ ಮತ್ತೆ ಪೂರ್ತಿ ಶುಲ್ಕ ಕೊಟ್ಟು, ಹೊಸ ಕುರ್ಚಿಯಲ್ಲಿ ಹೊಸದಾಗಿ ಆರಂಭಿಸಬಹುದು. ರೀಬೈ ಎಂಬುದು ಇದಕ್ಕಿಂತ ಹಳೆಯ ಪದ್ಧತಿ: ಕುಳಿತಲ್ಲೇ ಮತ್ತೆ ಚಿಪ್ ಕೊಳ್ಳುವುದು, ಆ ಅವಧಿ ಮುಗಿದಾಗ ಆ್ಯಡ್-ಆನ್ ಎಂದು ಕೊನೆಯ ಒಂದು ಕಂತನ್ನು ಸೇರಿಸಿಕೊಳ್ಳುವುದು. ರೀಬೈ ಅವಧಿಯಲ್ಲಿ ಜನ ಹಿಂದೆಮುಂದೆ ನೋಡದೆ ಆಡುತ್ತಾರೆ. ಅವಧಿ ಮುಗಿದ ಗಳಿಗೆಯಿಂದ ಅದೇ ಮೇಜು ಗಂಭೀರವಾಗುತ್ತದೆ.

ಪ್ರವೇಶ ಮತ್ತು ಆಟಗಾರರ ನಡುವಿನ ಅಂತರಕ್ಕೆ ಒಳ್ಳೆಯ ನಿದರ್ಶನ 2020ರದ್ದು. ಕೊರೊನಾ ಕಾಲದಲ್ಲಿ ವರ್ಲ್ಡ್ ಸೀರೀಸ್‌ನವರು ಜಿಜಿಪೋಕರ್ ತಾಣದಲ್ಲಿ 5,000 ಡಾಲರ್ ಪ್ರವೇಶದ ಆನ್‌ಲೈನ್ ಮುಖ್ಯ ಪಂದ್ಯವನ್ನು ನಡೆಸಿದರು. ಅದರಲ್ಲಿ 5,802 ಪ್ರವೇಶಗಳಿದ್ದವು. ರೀ-ಎಂಟ್ರಿಗೆ ಅವಕಾಶ ಇದ್ದುದರಿಂದ ಅಷ್ಟೂ ಬೇರೆ ಬೇರೆ ಜನರಲ್ಲ. ಶುಲ್ಕದಲ್ಲಿ ಶೇ. 5 ತಾಣಕ್ಕೆ, ಉಳಿದ 4,750 ಡಾಲರ್ ಬಹುಮಾನ ನಿಧಿಗೆ. ಗುಣಿಸಿದರೆ 2,75,59,500 ಡಾಲರ್. ಆನ್‌ಲೈನ್ ಟೂರ್ನಮೆಂಟ್ ಒಂದರ ಅತಿ ದೊಡ್ಡ ಬಹುಮಾನ ನಿಧಿ ಎಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಗೆದ್ದ ಬಲ್ಗೇರಿಯದ ಸ್ಟೊಯಾನ್ ಮದಾನ್‌ಜೀವ್‌ಗೆ ಸಿಕ್ಕಿದ್ದು ಸುಮಾರು 39 ಲಕ್ಷ ಡಾಲರ್, ಅಂದರೆ ನಿಧಿಯ ಏಳನೆಯ ಒಂದು ಭಾಗ.

ಘೋಷಿತ ಬಹುಮಾನಕ್ಕೆ ಗ್ಯಾರಂಟಿ ಎನ್ನುತ್ತಾರೆ. 10,000 ಡಾಲರ್ ಗ್ಯಾರಂಟಿ ಎಂದು ಹೇಳಿ, ತಲಾ 100 ಡಾಲರಿನಂತೆ 80 ಪ್ರವೇಶಗಳು ಮಾತ್ರ ಬಂದರೆ, ಕೊರತೆಯ 2,000 ಡಾಲರನ್ನು ತಾಣವೇ ತುಂಬಬೇಕು. ಇದಕ್ಕೆ ಓವರ್‌ಲೇ ಎಂದು ಹೆಸರು. ಆಟಗಾರರ ಪಾಲಿಗೆ ಪುಕ್ಕಟೆ ಹಣ. ನೋಂದಣಿಯನ್ನು ಗಂಟೆಗಟ್ಟಲೆ ತೆರೆದಿಡುವುದಕ್ಕೂ, ರೀ-ಎಂಟ್ರಿಗಳನ್ನು ಉದಾರವಾಗಿ ಕೊಡುವುದಕ್ಕೂ ಇರುವ ಮುಖ್ಯ ಕಾರಣ ಈ ಕೊರತೆಯ ಭಯವೇ ಎಂಬುದು ನನ್ನ ಅಭಿಪ್ರಾಯ.

ನೇರ ಮಾತಿನವ

ತಡವಾದ ನೋಂದಣಿ ಮೊದಲಿನಿಂದ ಆಡಿದವರಿಗೆ ಮಾಡುವ ಅನ್ಯಾಯ ಎಂಬುದು ನನ್ನ ಅಭಿಪ್ರಾಯ. ನಾಲ್ಕು ಗಂಟೆ ಎಚ್ಚರವಾಗಿ ಆಡಿ ಉಳಿದವನ ಪಕ್ಕದಲ್ಲಿ, ಊಟ ಮುಗಿಸಿ ಆರಾಮವಾಗಿ ಬಂದವನು ಕುಳಿತುಕೊಳ್ಳುತ್ತಾನೆ.

ಅಂಕಿಅಂಶದ ಮೇಷ್ಟ್ರು

ಲೆಕ್ಕದ ಪ್ರಕಾರ ತಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ. ತಡವಾಗಿ ಬಂದವರಿಗೂ ಅಷ್ಟೇ ಚಿಪ್ ಸಿಗುತ್ತದೆ, ಆದರೆ ಬ್ಲೈಂಡ್‌ಗಳು ಏರಿರುವುದರಿಂದ ಅದು 100ರ ಬದಲು 20 ಬಿಗ್ ಬ್ಲೈಂಡ್‌ಗಳಷ್ಟಾಗಿರುತ್ತದೆ. ಆದರೂ ಸಣ್ಣ ರಾಶಿಯ ಒಂದೊಂದು ಚಿಪ್ಪಿನ ಬೆಲೆ ದೊಡ್ಡ ರಾಶಿಯ ಚಿಪ್ಪಿನ ಬೆಲೆಗಿಂತ ಹೆಚ್ಚು ಎಂಬುದನ್ನು ಮೇಲೆ ನೋಡಿದೆವು. ಹಾಗಾಗಿ ಕೊನೆಯ ಗಳಿಗೆಯಲ್ಲಿ ಕೊಂಡ ರಾಶಿಯ ಬೆಲೆ, ತಾಣದ ಶುಲ್ಕವನ್ನು ಬಿಟ್ಟು ನೋಡಿದರೆ, ಕೊಟ್ಟ ಹಣಕ್ಕಿಂತ ತುಸು ಹೆಚ್ಚೇ ಇರುತ್ತದೆ. ಆ ಹೆಚ್ಚುವರಿ ಬರುವುದು ದೊಡ್ಡ ರಾಶಿಯವರ ಪಾಲಿನಿಂದ. ಇನ್ನರ್ಧ ಸತ್ಯವೆಂದರೆ, ರಾಶಿ ಆಳವಾಗಿರುವ ಆರಂಭದ ಗಂಟೆಗಳಲ್ಲಿ ದುರ್ಬಲ ಆಟಗಾರರು ದೊಡ್ಡ ತಪ್ಪುಗಳನ್ನು ಮಾಡುತ್ತಾರೆ. ಆ ತಪ್ಪುಗಳಿಂದ ಲಾಭ ಪಡೆಯುವ ಶಕ್ತಿಯುಳ್ಳವರು ತಡವಾಗಿ ಬಂದರೆ ಅದನ್ನು ಬಿಟ್ಟುಕೊಟ್ಟಂತೆ.

ಒಂಟಾರಿಯೊ ಕನ್ನಡಿಗ

ಬೌಂಟಿಯ ಬಗ್ಗೆ ಯಾರೂ ಬರೆಯದಿರುವುದರಿಂದ ನಾನೇ ಬರೆಯುತ್ತೇನೆ. ಸ್ಯಾಟಲೈಟ್ ಎಲೆ ಕೆಳಗಿಡುವುದನ್ನು ಕಲಿಸಿದರೆ, ಬೌಂಟಿ ಅದಕ್ಕೆ ಪೂರ್ತಿ ವಿರುದ್ಧವಾದ ಪಾಠ ಹೇಳುತ್ತದೆ. ಇಲ್ಲಿ ಪ್ರತಿಯೊಬ್ಬರ ತಲೆಗೂ ಒಂದು ಬೆಲೆ ಕಟ್ಟಿರುತ್ತಾರೆ. ಅವರನ್ನು ಹೊರಹಾಕಿದವರಿಗೆ ಅದು ಆ ಕ್ಷಣವೇ ಸಿಗುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು ಪ್ರೋಗ್ರೆಸಿವ್ ನಾಕೌಟ್, ಅಂದರೆ ಪಿಕೆಒ. ಉದಾಹರಣೆಗೆ 109 ಡಾಲರಿನಲ್ಲಿ 50 ಬಹುಮಾನ ನಿಧಿಗೆ, 50 ತಲೆಯ ಬೆಲೆಗೆ, 9 ತಾಣಕ್ಕೆ. ಒಬ್ಬರನ್ನು ಹೊರಹಾಕಿದರೆ ಅವರ ತಲೆಯ 50 ಡಾಲರಿನಲ್ಲಿ ಅರ್ಧ, 25 ಡಾಲರ್, ನೇರವಾಗಿ ತಮ್ಮ ಖಾತೆಗೆ. ಉಳಿದ 25 ತಮ್ಮ ತಲೆಯ ಬೆಲೆಗೆ ಸೇರಿ ಅದು 75 ಆಗುತ್ತದೆ. ಆಡುತ್ತ ಹೋದಂತೆ ಗೆದ್ದವರ ತಲೆಗೇ ಬೇಟೆಗಾರರು ಹೆಚ್ಚುತ್ತಾರೆ.

ಇದು ನಿರ್ಧಾರವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ ಮೇಷ್ಟ್ರ ಹಾದಿಯಲ್ಲೇ ಒಂದು ಲೆಕ್ಕ. ಆರಂಭದ ಹಂತ, ತಮ್ಮ ಬಳಿಯೂ ಎದುರಾಳಿಯ ಬಳಿಯೂ 10,000 ಚಿಪ್. ಅವನು ಆಲ್-ಇನ್ ಎಂದಿದ್ದಾನೆ. ಬ್ಲೈಂಡ್ ಮತ್ತು ಆ್ಯಂಟಿ ಸೇರಿ ಪಾಟ್‌ನಲ್ಲಿ ಬೇರೆಯವರ 1,500 ಇದೆ. ತಾವು 10,000 ಕೊಟ್ಟರೆ ಪಾಟ್ 21,500 ಆಗುತ್ತದೆ. ಬೌಂಟಿ ಇಲ್ಲದಿದ್ದರೆ, ಬರೀ ಚಿಪ್‌ಗಳ ಲೆಕ್ಕದಲ್ಲಿ, ಗೆಲ್ಲುವ ಸಂಭವ ಶೇ. 46.5 ಇರಬೇಕು. ಈಗ ಬೌಂಟಿಯನ್ನು ಸೇರಿಸಿ. ಬಹುಮಾನ ನಿಧಿಗೆ ಹೋದ 50 ಡಾಲರಿಗೆ 10,000 ಚಿಪ್ ಎಂದಾದರೆ, ಕೂಡಲೇ ಸಿಗುವ 25 ಡಾಲರ್ 5,000 ಚಿಪ್‌ಗೆ ಸಮ. ಪಾಟ್ 26,500 ಇದ್ದಂತಾಯಿತು. ಬೇಕಾದ ಸಂಭವ ಶೇ. 37.7ಕ್ಕೆ ಇಳಿಯಿತು. ಸಾಮಾನ್ಯ ಟೂರ್ನಮೆಂಟ್‌ನಲ್ಲಿ ಯೋಚಿಸದೆ ಎಸೆಯುವ ಎಷ್ಟೋ ಕೈಗಳನ್ನು ಇಲ್ಲಿ ಆಡಲೇಬೇಕಾಗುತ್ತದೆ. ಒಂದು ಷರತ್ತಿದೆ: ಎದುರಾಳಿಯ ರಾಶಿ ತಮ್ಮದಕ್ಕಿಂತ ದೊಡ್ಡದಾಗಿದ್ದರೆ, ಗೆದ್ದರೂ ಅವನು ಹೊರಬೀಳುವುದಿಲ್ಲ, ಬೌಂಟಿಯೂ ಇಲ್ಲ. ಆದ್ದರಿಂದ ಪಿಕೆಒದಲ್ಲಿ ಎದುರಿನವನ ರಾಶಿಯನ್ನು ಮುಚ್ಚುವಷ್ಟು ಚಿಪ್ ಇಟ್ಟುಕೊಂಡಿರುವುದಕ್ಕೇ ಪ್ರತ್ಯೇಕ ಬೆಲೆ ಇದೆ.

ಮಿಸ್ಟರಿ ಬೌಂಟಿ ಎಂಬುದು ಇದರ ತಮ್ಮ. ಸಾಮಾನ್ಯವಾಗಿ ಬಹುಮಾನದ ಗಡಿ ದಾಟಿದ ಮೇಲೆ ಬೌಂಟಿ ಆರಂಭವಾಗುತ್ತದೆ. ಹೊರಹಾಕಿದವರು ಮುಚ್ಚಿದ ಲಕೋಟೆ ತೆರೆದಂತೆ ಒಂದು ಮೊತ್ತವನ್ನು ಪಡೆಯುತ್ತಾರೆ. 2022ರ ವರ್ಲ್ಡ್ ಸೀರೀಸ್‌ನಲ್ಲಿ ಹೀಗೆ ಮ್ಯಾಟ್ ಗ್ಲಾಂಟ್ಸ್ ಅವರಿಗೆ 10 ಲಕ್ಷ ಡಾಲರಿನ ಬೌಂಟಿ ಸಿಕ್ಕಿತು. ನೋಡುವವರಿಗೆ ಸೊಗಸು. ಕೌಶಲ ಅಳೆಯುವವರಿಗೆ ಅಷ್ಟು ರುಚಿಸಲಾರದು.

ಹಳೆಯ ಸದಸ್ಯ

ವೇಗದ ವಿಷಯವನ್ನು ಚುಟುಕಾಗಿ ಮುಗಿಸುತ್ತೇನೆ. ಟರ್ಬೊ, ಹೈಪರ್ ಟರ್ಬೊ ಎಂದರೆ ಬ್ಲೈಂಡ್ ಬೇಗ ಬೇಗ ಏರುವ ಪಂದ್ಯಗಳು. ಡೀಪ್‌ಸ್ಟ್ಯಾಕ್ ಎಂದರೆ ಆರಂಭದ ರಾಶಿ ದೊಡ್ಡದು, ಏರಿಕೆ ನಿಧಾನ. ಶೂಟ್‌ಔಟ್‌ನಲ್ಲಿ ಮೇಜುಗಳನ್ನು ಸಮ ಮಾಡುವುದಿಲ್ಲ. ಪ್ರತಿ ಮೇಜನ್ನು ಒಬ್ಬರು ಪೂರ್ತಿ ಗೆದ್ದ ಬಳಿಕವೇ ಮುಂದಿನ ಸುತ್ತು. ಡಬಲ್ ಆರ್ ನಥಿಂಗ್‌ನಲ್ಲಿ 10 ಜನರಲ್ಲಿ ಮೊದಲ 5 ಜನರಿಗೆ ಸಮಾನ ಬಹುಮಾನ. ಲೆಕ್ಕದಲ್ಲಿ ಅದು ಸ್ಯಾಟಲೈಟೇ.

ಸ್ಪಿನ್ ಅಂಡ್ ಗೋ ಎಂಬುದರ ಬಗ್ಗೆ ಮಾತ್ರ ನಾಲ್ಕು ಮಾತು ಹೆಚ್ಚು ಬೇಕು. ಮೂವರು ಆಡುವ, ಕೆಲವೇ ನಿಮಿಷಗಳ ಪಂದ್ಯ ಇದು. ಪೋಕರ್‌ಸ್ಟಾರ್ಸ್ ಇದನ್ನು 2014ರಲ್ಲಿ ಆರಂಭಿಸಿತು. ಎಲೆ ಹಂಚುವ ಮೊದಲು ಚಕ್ರ ತಿರುಗಿ, ಬಹುಮಾನ ಪ್ರವೇಶ ಶುಲ್ಕದ ಎಷ್ಟು ಪಟ್ಟು ಎಂಬುದು ನಿರ್ಧಾರವಾಗುತ್ತದೆ. ಮೂವರಿಂದ 3 ಪಟ್ಟು ಹಣ ಬಂದಿರುತ್ತದೆ, ಆದರೆ ಅನೇಕ ಸಲ ಚಕ್ರ ತೋರಿಸುವುದು 2 ಪಟ್ಟು. ಮಿಕ್ಕಿದ್ದು ಎಂದೋ ಒಮ್ಮೆ ಬೀಳುವ ಭಾರೀ ಬಹುಮಾನಕ್ಕೂ ತಾಣದ ಪಾಲಿಗೂ ಹೋಗುತ್ತದೆ. ಎಲೆಗಳ ಅದೃಷ್ಟದ ಮೇಲೆ ಚಕ್ರದ ಅದೃಷ್ಟವನ್ನೂ ಹೇರಿದ ಈ ಸ್ವರೂಪವನ್ನು ಟೂರ್ನಮೆಂಟ್ ಎನ್ನುವುದಕ್ಕಿಂತ ಲಾಟರಿಯ ಬಾಗಿಲು ಎನ್ನುವುದು ಮೇಲು.

ಸಂದೇಹಿ

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಎಲೆಗಳನ್ನು ನ್ಯಾಯವಾಗಿ ಕಲೆಸಿದ್ದರೆ ಮಾತ್ರ. ಪರದೆಯ ಹಿಂದೆ ಕಲೆಸುವ ಯಂತ್ರವನ್ನು ನಂಬುವುದು ಹೇಗೆ?

ಅಂಕಿಅಂಶದ ಮೇಷ್ಟ್ರು

ಈ ಸಂದೇಹಕ್ಕೆ ಚರಿತ್ರೆಯಲ್ಲೇ ಆಧಾರವಿದೆ. 52 ಎಲೆಗಳನ್ನು ಜೋಡಿಸಬಹುದಾದ ವಿಧಾನಗಳ ಸಂಖ್ಯೆ 68 ಅಂಕಿಗಳಷ್ಟು ಉದ್ದ. 1999ರಲ್ಲಿ ಪ್ಲಾನೆಟ್ ಪೋಕರ್ ಮುಂತಾದ ತಾಣಗಳು ಬಳಸುತ್ತಿದ್ದ ತಂತ್ರಾಂಶದ ಕಲೆಸುವ ವಿಧಾನವನ್ನು, ತಾವು ಪ್ರಾಮಾಣಿಕರೆಂದು ತೋರಿಸುವುದಕ್ಕಾಗಿಯೇ, ಬಹಿರಂಗಪಡಿಸಲಾಗಿತ್ತು. ಅದನ್ನು ಪರಿಶೀಲಿಸಿದ ಭದ್ರತಾ ತಜ್ಞರಿಗೆ ಕಂಡದ್ದು ಬೇರೆ. ಕಲೆಸುವಿಕೆಯ ಬೀಜಸಂಖ್ಯೆಯನ್ನು (ಇಡೀ ಜೋಡಣೆಯನ್ನು ನಿರ್ಧರಿಸುವ ಆರಂಭದ ಸಂಖ್ಯೆಯನ್ನು) ಗಣಕದ ಗಡಿಯಾರದಿಂದ, ಮಧ್ಯರಾತ್ರಿಯಿಂದ ಕಳೆದ ಮಿಲಿಸೆಕೆಂಡುಗಳಿಂದ, ತೆಗೆದುಕೊಳ್ಳಲಾಗುತ್ತಿತ್ತು. ದಿನಕ್ಕೆ ಇರುವುದು 8.64 ಕೋಟಿ ಮಿಲಿಸೆಕೆಂಡುಗಳು ಮಾತ್ರ. ಸರ್ವರಿನ ಗಡಿಯಾರಕ್ಕೆ ಹೊಂದಿಸಿಕೊಂಡರೆ ಸಾಧ್ಯತೆಗಳು 2 ಲಕ್ಷದಷ್ಟಕ್ಕೆ ಇಳಿಯುತ್ತಿದ್ದವು. ಕೈಯ 2 ಎಲೆ, ಮೇಜಿನ ಮೊದಲ 3 ಎಲೆ ಗೊತ್ತಾದ ಕೂಡಲೇ ಉಳಿದೆಲ್ಲವನ್ನೂ ಗಣಕವೇ ಹೇಳಿಬಿಡುತ್ತಿತ್ತು. ಆ ದೋಷವನ್ನು ಸರಿಪಡಿಸಲಾಯಿತು.

ಆದರೆ ಆನ್‌ಲೈನ್ ಪೋಕರ್‌ನ ಕುಖ್ಯಾತ ಮೋಸಗಳು ಎಲೆ ಕಲೆಸುವುದರಿಂದ ಆದವಲ್ಲ, ಮನುಷ್ಯರಿಂದ ಆದವು. 2007ರಲ್ಲಿ ಆಬ್ಸಲ್ಯೂಟ್ ಪೋಕರ್ ತಾಣದ 1,000 ಡಾಲರ್ ಪ್ರವೇಶದ ಟೂರ್ನಮೆಂಟ್ ಒಂದರಲ್ಲಿ ಗೆದ್ದ ಖಾತೆಯ ಆಟ ವಿಚಿತ್ರವಾಗಿದೆ ಎನಿಸಿ, ಎರಡನೆಯ ಸ್ಥಾನ ಪಡೆದವರು ಕೈಗಳ ದಾಖಲೆಯನ್ನು ಕೇಳಿ ಪಡೆದರು. ಕಳುಹಿಸಿದ ಕಡತದಲ್ಲಿ ಎಲ್ಲ ಆಟಗಾರರ ಗುಪ್ತ ಎಲೆಗಳೂ ಇದ್ದವು. ಆಟಗಾರರೇ ಅದನ್ನು ಕೂಲಂಕಷವಾಗಿ ಓದಿ, ಎಲ್ಲರ ಎಲೆಗಳನ್ನೂ ನೋಡಬಲ್ಲ ಒಳಗಿನ ಖಾತೆಯೊಂದು ನೆರವಾಗುತ್ತಿತ್ತು ಎಂಬುದನ್ನು ಬಯಲಿಗೆಳೆದರು. ಅದೇ ವರ್ಷ ಪೋಕರ್‌ಸ್ಟಾರ್ಸ್‌ನ ಡಬ್ಲ್ಯುಸಿಒಒಪಿ (ವರ್ಲ್ಡ್ ಚಾಂಪಿಯನ್‌ಶಿಪ್ ಆಫ್ ಆನ್‌ಲೈನ್ ಪೋಕರ್) ಮುಖ್ಯ ಪಂದ್ಯದಲ್ಲಿ ಮೊದಲ ಸ್ಥಾನ ಪಡೆದ ಖಾತೆಯನ್ನು ತಾಣವೇ ಅನರ್ಹಗೊಳಿಸಿ ಉಳಿದವರಿಗೆ ಒಂದೊಂದು ಸ್ಥಾನ ಮೇಲಕ್ಕೆ ಬಡ್ತಿ ಕೊಟ್ಟಿತು. ಒಬ್ಬರೇ ಹಲವು ಖಾತೆ ಹಿಡಿಯುವುದು, ಕೊನೆಯ ಮೇಜಿನಲ್ಲಿ ಬೇರೆಯವರು ಕುಳಿತು ಆಡುವುದು, ಆಡುತ್ತಿರುವಾಗಲೇ ತಂತ್ರಾಂಶದ ಸಲಹೆ ಪಡೆಯುವುದು ಇಂದಿಗೂ ತಾಣಗಳಿಗೆ ತಲೆನೋವಾಗಿ ಉಳಿದಿವೆ.

ಹಾಸನದ ಓದುಗ

ಕೊನೆಯದಾಗಿ ಒಂದು ಪ್ರಶ್ನೆ. ಕೊನೆಯ ಮೇಜಿನಲ್ಲಿ ಆಟವನ್ನು ನಿಲ್ಲಿಸಿ ಬಹುಮಾನವನ್ನು ಹಂಚಿಕೊಳ್ಳುವ ಮಾತುಕತೆ ನಡೆಯುವುದನ್ನು ನೋಡಿದ್ದೇನೆ. ಅದಕ್ಕೂ ಇದೇ ಸೂತ್ರವೇ?

ಅಂಕಿಅಂಶದ ಮೇಷ್ಟ್ರು

ಹೌದು, ಆದರೆ ಸೂತ್ರ ಎರಡಿವೆ, ಯಾವುದನ್ನು ಹಿಡಿಯಬೇಕು ಎಂಬುದರ ಮೇಲೆಯೇ ಚೌಕಾಸಿ ನಡೆಯುತ್ತದೆ. ಹಿಂದಿನ 500, 300, 200 ಡಾಲರಿನ ಬಹುಮಾನವನ್ನೇ ಇಟ್ಟುಕೊಳ್ಳಿ. ಉಳಿದ ಮೂವರ ಬಳಿ 5,000, 3,000 ಮತ್ತು 2,000 ಚಿಪ್ ಇದೆ. ಚಿಪ್ ಲೆಕ್ಕದ ಹಂಚಿಕೆಯಲ್ಲಿ ಎಲ್ಲರಿಗೂ ಖಾತ್ರಿಯಾದ 200ನ್ನು ಮೊದಲು ಕೊಟ್ಟು, ಮಿಕ್ಕ 400ನ್ನು ಚಿಪ್‌ಗಳ ಪ್ರಮಾಣದಲ್ಲಿ ಹಂಚಿದರೆ 400, 320, 280 ಬರುತ್ತದೆ. ಐಸಿಎಂ ಪ್ರಕಾರ 383.93, 327.50, 288.57. ಮುಂದಿರುವವರು ಸಹಜವಾಗಿಯೇ ಮೊದಲನೆಯದನ್ನು ಕೇಳುತ್ತಾರೆ, ಹಿಂದಿರುವವರು ಎರಡನೆಯದನ್ನು. ದೊಡ್ಡ ತಾಣಗಳಲ್ಲಿ ಈ ಎರಡೂ ಮೊತ್ತಗಳನ್ನು ಪರದೆಯ ಮೇಲೆಯೇ ತೋರಿಸುವ ವ್ಯವಸ್ಥೆ ಇದೆ, ಮತ್ತು ಒಪ್ಪಂದವಾದ ಮೇಲೂ ಆಟಕ್ಕೆ ಅರ್ಥ ಉಳಿಯಲಿ ಎಂದು ಒಂದಿಷ್ಟು ಮೊತ್ತವನ್ನು ವಿಜೇತರಿಗಾಗಿ ಬೇರೆ ತೆಗೆದಿಡುವ ವಾಡಿಕೆಯೂ ಇದೆ. ಮೂವರಲ್ಲಿ ಒಬ್ಬರು ಒಪ್ಪದಿದ್ದರೂ ಒಪ್ಪಂದ ಬಿದ್ದುಹೋಗುತ್ತದೆ, ನಿಂತಿದ್ದ ಬ್ಲೈಂಡ್ ಗಡಿಯಾರ ಮತ್ತೆ ಓಡತೊಡಗುತ್ತದೆ.